ಮಾರಿಕುಪ್ಪಂ ರೈಲಿನಲ್ಲಿ ಓದಬೇಕಾದ ಕಥೆ

ಬಂಗಾರಪೇಟೆ ಜಂಕ್ಷನ್‌ಗೆ ರೈಲ್ವೆಯವರು ಇಟ್ಟಿರುವ ಸಂಕೇತ ಬಿಡಬ್ಲ್ಯುಟಿ. ಬಂಗಾರಪೇಟೆ ಎಂಬ ಹೆಸರನ್ನು ಹೇಗೆ ಒಡೆದು ಬರೆದರೂ ಅದರಲ್ಲಿ ಡಬ್ಲ್ಯು ಸಿಗುವುದಿಲ್ಲ. ಅದು ಬೌರಿಂಗ್‌ಪೇಟೆಯಿಂದ ಉಳಿದುಕೊಂಡ ಅಕ್ಷರ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಬೋರ್ಡಿನಿಂದ ಇಳಿದು ಎಷ್ಟೋ ಕಾಲವಾಯಿತು, ರೈಲ್ವೆಯ ಕಡತದಲ್ಲಿ ಮಾತ್ರ ಇನ್ನೂ ಉಸಿರಾಡುತ್ತಿದೆ. ಇಲ್ಲಿಂದ ಕವಲೊಡೆಯುವ ಸುಮಾರು 16 ಕಿಲೋಮೀಟರಿನ ಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ನಿಂತುಬಿಡುತ್ತದೆ. 1894ರಲ್ಲಿ ಚಿನ್ನದ ಗಣಿಗಳಿಗೆಂದೇ ಹಾಕಿದ ದಾರಿ ಅದು. ಮುಂದಕ್ಕೆ ಹೋಗಬೇಕಾದ ಊರು ಆಗ ಅದಕ್ಕಿರಲಿಲ್ಲ. ಕಿಟಕಿ ಪಕ್ಕ ಕೂತು ಈ ಬೋರ್ಡುಗಳನ್ನು ಓದುತ್ತಾ ಹೋಗುವ ಪ್ರಯಾಣಿಕನಿಗೆ ಕಂಪನಿಗಳ ಹೆಸರು ಕಾಣುತ್ತದೆ, ಹಳೆಯ ಹಳ್ಳಿಗಳ ಹೆಸರು ಕಾಣುತ್ತದೆ. ಆ ಸ್ಟೇಷನ್ನುಗಳಲ್ಲಿ ಇಳಿದು, ಅಲ್ಲಿಂದ ನೆಲದೊಳಕ್ಕೂ ಇಳಿದು, ನೂರಿಪ್ಪತ್ತು ವರ್ಷ ಚಿನ್ನ ತೆಗೆದ ಜನ ಕಾಣುವುದಿಲ್ಲ. ಅವರನ್ನು ಕಾಣಬೇಕಾದರೆ ಕೈಯಲ್ಲಿ ಅವರದೇ ಒಂದು ಕಥೆ ಇರಬೇಕು ಎನ್ನುವುದು ನನ್ನ ವಾದ. ಆ ಕಥೆ ಕನ್ನಡಿಗನ ಕೈಗೆ ಇನ್ನೂ ಏಕೆ ಬಂದಿಲ್ಲ ಎನ್ನುವುದು ಅದರ ಇನ್ನೊಂದು ಅರ್ಧ.

ಊರಿಗೆ ಹೋಗುವಾಗ ಆ ಊರಿನ ಕಾದಂಬರಿ ಜೊತೆಗೊಯ್ಯುವ ರೂಢಿ ನಮಗೆ ಹೊಸದಲ್ಲ. ತೀರ್ಥಹಳ್ಳಿಯ ಕಡೆ ಹೊರಟವರ ಚೀಲದಲ್ಲಿ ‘ಮಲೆಗಳಲ್ಲಿ ಮದುಮಗಳು’ ಇರುತ್ತದೆ, ಮೂಡಿಗೆರೆಗೆ ಹೊರಟವರ ಬಾಯಲ್ಲಿ ‘ಕರ್ವಾಲೊ’ ಇರುತ್ತದೆ, ಕೋಟ-ಕುಂದಾಪುರದ ಕಡಲ ದಂಡೆಯಲ್ಲಿ ನಿಂತವರಿಗೆ ‘ಮರಳಿ ಮಣ್ಣಿಗೆ’ ತಾನಾಗಿ ನೆನಪಾಗುತ್ತದೆ. ಇದು ಬರೀ ಅಭಿಮಾನದ ಯಾತ್ರೆಯಲ್ಲ. ಮಲೆನಾಡಿನ ಮಳೆಯನ್ನು ಯಾರು ಬೇಕಾದರೂ ನೋಡಬಹುದು. ಆ ಮಳೆಯಲ್ಲಿ ಜೀತದಾಳು ಕಂಬಳಿ ಹೊದ್ದು ಯಾರ ಮನೆಯ ಜಗಲಿಯವರೆಗೆ ಬರಬಹುದಿತ್ತು, ಎಲ್ಲಿ ನಿಲ್ಲಬೇಕಿತ್ತು ಎನ್ನುವುದನ್ನು ಮಳೆ ಹೇಳುವುದಿಲ್ಲ, ಕಾದಂಬರಿ ಹೇಳುತ್ತದೆ. ಅದನ್ನು ಓದಿದವನು ಜಗಲಿಯನ್ನು ನೋಡುವ ಬಗೆಯೇ ಬೇರೆ. ಈಗ ಇದೇ ಪ್ರಶ್ನೆಯನ್ನು ಕೋಲಾರ ಚಿನ್ನದ ಗಣಿಗೆ ಕೇಳಿ ನೋಡಿ. ಕೆಜಿಎಫ್‌ಗೆ ಹೊರಟ ಕನ್ನಡ ಓದುಗನಿಗೆ ಅಷ್ಟೇ ಸಲೀಸಾಗಿ ನಾಲಿಗೆಗೆ ಬರುವ ಕಾದಂಬರಿಯ ಹೆಸರು ಯಾವುದು? ತಡವರಿಸುತ್ತೇವೆ. ರಾಜ್ಯದ ಮೊದಲ ದೊಡ್ಡ ಕೈಗಾರಿಕಾ ಊರು, ಬೆಂಗಳೂರಿನಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಊರು, ನಮ್ಮ ಕಥಾಸಾಹಿತ್ಯದ ನಕ್ಷೆಯಲ್ಲಿ ಹೆಚ್ಚುಕಡಿಮೆ ಖಾಲಿ ಜಾಗ. ಬಂಗಾರಪೇಟೆಯ ತಿಳಿನೀರಿನ ಪಾನಿಪೂರಿ ಬೆಂಗಳೂರಿನ ಗಾಡಿಗಾಡಿಗೂ ಹೆಸರು ಕೊಟ್ಟಿದೆ. ಅದರ ಪಕ್ಕದ ಗಣಿಯ ಕಥೆ ಅಷ್ಟು ದೂರವೂ ಪ್ರಯಾಣ ಮಾಡಲಿಲ್ಲ ಎನ್ನುವುದು ಯೋಚಿಸಬೇಕಾದ ಸಂಗತಿ.

ಕೆಜಿಎಫ್ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಅಂಕಿಗಳ ರೂಪದಲ್ಲಿದೆ. 1802ರಲ್ಲಿ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಇಲ್ಲಿ ಚಿನ್ನವಿರುವ ಸುದ್ದಿ ಕೇಳಿ ಹುಡುಕಿಕೊಂಡು ಹೋದ. 1870ರ ದಶಕದಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕ ಗಣಿ ತೋಡುವ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. 1956ರಲ್ಲಿ ಗಣಿಗಳು ಸರ್ಕಾರದ್ದಾದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು, 2001ರ ಫೆಬ್ರುವರಿ 28ಕ್ಕೆ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಬಂದಿತ್ತು, ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಈ ಅಂಕಿಗಳೆಲ್ಲ ನಿಜ. ಆದರೆ ಇವು ಮೇಲಿನಿಂದ ಕೆಳಕ್ಕೆ ನೋಡಿದ ಅಂಕಿಗಳು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ; ಮೇಲಿನ ಭಾರ ತಡೆಯಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಗಣಿಯವರ ಬಾಯಲ್ಲಿ ಅದು ರಾಕ್ ಬರ್ಸ್ಟ್. ಕೆಳಗೆ ಬಂಡೆ ಸಿಡಿದರೆ ಮೇಲೆ ಲೈನಿನ ಮನೆಗಳಲ್ಲಿ, ಅಂದರೆ ಕೂಲಿಗಾರರ ಸಾಲುಮನೆಗಳಲ್ಲಿ, ನೆಲ ಅದುರುತ್ತಿತ್ತು, ಪಾತ್ರೆಗಳು ಸದ್ದು ಮಾಡುತ್ತಿದ್ದವು. ಗಂಡ ಯಾವ ಶಿಫ್ಟಿನಲ್ಲಿದ್ದಾನೆ, ಮಗ ಯಾವ ಶಾಫ್ಟಿನಲ್ಲಿ ಇಳಿದಿದ್ದಾನೆ ಎಂದು ಲೆಕ್ಕ ಹಾಕುವಷ್ಟು ಹೊತ್ತು ಒಲೆಯ ಮುಂದೆ ಕೂತವಳ ಮನಸ್ಸಿನಲ್ಲಿ ಏನು ನಡೆಯುತ್ತದೆ? ಭೂಕಂಪ ಮಾಪಕ ಅದುರಿನ ಪ್ರಮಾಣ ಬರೆದುಕೊಳ್ಳುತ್ತದೆ. ಆ ಕ್ಷಣವನ್ನು ಬರೆದುಕೊಳ್ಳುವ ಸಾಧನ ಕಥೆಯೊಂದೇ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ನಡೆದದ್ದನ್ನು ತಿಳಿಯಲು ಕಟ್ಟುಕಥೆ ಏಕೆ, ಚರಿತ್ರೆ ಸಾಲದೇ? ಜಾನಕಿ ನಾಯರ್ ಅವರು ಹಳೆ ಮೈಸೂರಿನ ಗಣಿ ಕಾರ್ಮಿಕರ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ಬರೆದ ಚರಿತ್ರೆ 1998ರಲ್ಲೇ ಬಂದಿದೆ. ಕೆಜಿಎಫ್ ಅರಿಯಬೇಕೆನ್ನುವವನು ಅದನ್ನು ಓದದೆ ಇರಬಾರದು. ಆದರೆ ಚರಿತ್ರೆ ಎಲ್ಲಿ ನಿಲ್ಲುತ್ತದೆ ಎನ್ನುವುದಕ್ಕೆ 1930ರ ಮುಷ್ಕರವೇ ಉದಾಹರಣೆ. ಆ ವರ್ಷ ಕೂಲಿಗಾರರೆಲ್ಲರ ಬೆರಳಚ್ಚು ಪಡೆದು ದಾಖಲೆ ಇಡುವ ಕ್ರಮ ಬಂತು, ಗಣಿಗಳು ಮುಷ್ಕರದಿಂದ ನಿಂತುಹೋದವು. ಕೂಲಿಗಿಂತ ಹೆಚ್ಚಾಗಿ ಒಂದು ಬೆರಳ ಗುರುತಿಗಾಗಿ ಜನ ಸಿಡಿದೆದ್ದರು. ಅದರ ಕಾರಣಗಳನ್ನು ಚರಿತ್ರಕಾರರು ವಿವರಿಸಬಲ್ಲರು: ಒಂದು ಗಣಿ ಬಿಟ್ಟು ಇನ್ನೊಂದು ಗಣಿಗೆ ಹೋಗುವ ಸ್ವಾತಂತ್ರ್ಯ ಹೋಗುತ್ತದೆಂಬ ಭಯ, ಕಳ್ಳರ ಸಾಲಿಗೆ ಸೇರಿಸುತ್ತಿದ್ದಾರೆಂಬ ಅವಮಾನ. ಆದರೆ ದಿನವೂ ಕತ್ತಲಿಗೆ ಇಳಿಯಲು ಹೆದರದ ಮನುಷ್ಯ ಮಸಿ ಹತ್ತಿದ ಹೆಬ್ಬೆರಳಿಗೆ ಏಕೆ ಹೆದರಿದ ಎನ್ನುವುದು ಒಬ್ಬ ಮನುಷ್ಯನ ಒಳಗೆ ಹೊಕ್ಕು ನೋಡಬೇಕಾದ ಪ್ರಶ್ನೆ. ದಾಖಲೆಯಲ್ಲಿ ಆ ಮನುಷ್ಯನಿಗೆ ಹೆಸರಿಲ್ಲ, ಸಂಖ್ಯೆ ಇದೆ. ದಾಖಲೆ ಬಿಟ್ಟು ಒಂದು ಹೆಜ್ಜೆಯನ್ನೂ ಇಡುವಂತಿಲ್ಲದ ಚರಿತ್ರಕಾರರ ಶಿಸ್ತು ಗೌರವಿಸಬೇಕಾದದ್ದು. ಆ ಒಂದು ಹೆಜ್ಜೆಯನ್ನು ಜವಾಬ್ದಾರಿಯಿಂದ ಇಡುವವನೇ ಕಥೆಗಾರ. ಎಮಿಲ್ ಜೋಲಾ 1884ರಲ್ಲಿ ಉತ್ತರ ಫ್ರಾನ್ಸಿನ ಆಂಜಾನ್ ಗಣಿಗಳ ಮುಷ್ಕರದ ನಡುವೆ ಹೋಗಿ ನಿಂತ, ಗಣಿಗೆ ಇಳಿದು ನೋಡಿದ, ಮರುವರ್ಷ ‘ಜರ್ಮಿನಲ್’ ಕಾದಂಬರಿ ಹೊರತಂದ. 1902ರಲ್ಲಿ ಅವನ ಶವಯಾತ್ರೆಯಲ್ಲಿ ಗಣಿ ಕೆಲಸಗಾರರ ಗುಂಪು ಆ ಕಾದಂಬರಿಯ ಹೆಸರನ್ನೇ ಘೋಷಣೆಯಂತೆ ಕೂಗುತ್ತಾ ನಡೆಯಿತು. ತಮ್ಮ ಬಗ್ಗೆ ಕಟ್ಟಿದ ಕಥೆಯನ್ನು ಆ ಜನ ಸುಳ್ಳೆಂದು ತಳ್ಳಲಿಲ್ಲ, ತಮ್ಮದೆಂದು ಹೊತ್ತರು.

ನಮ್ಮ ಹತ್ತಿರದ್ದೇ ಇನ್ನೊಂದು ಉದಾಹರಣೆ ಇದಕ್ಕಿಂತ ನೇರವಾದದ್ದು. ತಮಿಳುನಾಡಿನ ಟೀ ತೋಟಗಳಲ್ಲಿ ವೈದ್ಯರಾಗಿದ್ದ ಪಿ. ಎಚ್. ಡೇನಿಯಲ್ ಅಲ್ಲಿನ ಕೂಲಿಗಳ ಬದುಕನ್ನು ‘ರೆಡ್ ಟೀ’ ಎಂಬ ಇಂಗ್ಲಿಷ್ ಕಾದಂಬರಿಯಾಗಿಸಿ 1969ರಲ್ಲಿ ಹೊರತಂದರು. ಎಷ್ಟೋ ವರ್ಷಗಳ ನಂತರ ಅದು ‘ಎರಿಯುಂ ಪನಿಕ್ಕಾಡು’ ಎಂದು ತಮಿಳಿಗೆ ಬಂದ ಮೇಲೆಯೇ ತಮಿಳು ಓದುಗರು ವಾಲ್ಪಾರೈಯ ಹಸಿರು ಗುಡ್ಡಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದು. ಮುಂಗಡ ಕೊಟ್ಟು ಬರಗಾಲದ ಹಳ್ಳಿಗಳಿಂದ ಆಳುಗಳನ್ನು ಕರೆತರುವ ಮೇಸ್ತ್ರಿ, ತೀರದ ಸಾಲ, ಸಾಲುಮನೆ, ರೋಗ: ಆ ಕಾದಂಬರಿಯ ಲೋಕಕ್ಕೂ ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನಿಂದ ಬಂದು ಕೆಜಿಎಫ್‌ನ ತಟ್ಟಿ ಮನೆಗಳಲ್ಲಿ ಬಿಡಾರ ಹೂಡಿದವರ ಲೋಕಕ್ಕೂ ನೆಂಟಸ್ತಿಕೆಯಿದೆ. ಟೀ ತೋಟಕ್ಕೆ ಹೋಗುವ ಪ್ರವಾಸಿಗೆ ಈಗ ಒಂದು ಪುಸ್ತಕ ಇದೆ. ಕೆಜಿಎಫ್‌ನ ಗಣಿ ಹೂಳಿನ ಸೈನೈಡ್ ಗುಡ್ಡಕ್ಕೆ ಹೋಗುವವನಿಗೆ ಇರುವುದು ಒಂದು ಸಿನಿಮಾ.

ಸಿನಿಮಾ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. 2018 ಮತ್ತು 2022ರಲ್ಲಿ ಎರಡು ಭಾಗವಾಗಿ ಬಂದ ‘ಕೆಜಿಎಫ್’ ಚಿತ್ರ ಆ ಮೂರಕ್ಷರವನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿತು, ಒಂದು ಭಾಗದ ಚಿತ್ರೀಕರಣವೂ ಅಲ್ಲೇ ಗುಡ್ಡಗಳ ಮೇಲೆ ನಡೆಯಿತು. ಅದು ತಾನು ಕಲ್ಪನೆ ಎಂದು ಹೇಳಿಕೊಂಡೇ ಬಂದ ಚಿತ್ರ, ಅದರ ಕಲ್ಪನೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಚಿತ್ರವನ್ನೇ ಊರಿನ ಕಥೆಯೆಂದು ನಂಬಿ ಹೋಗುವ ನಮ್ಮ ನೋಟದ ಬಗ್ಗೆ. ಚಿತ್ರದ ನರಾಚಿ ಗಣಿ 1951ರಲ್ಲಿ ಕಣ್ಣಿಗೆ ಬೀಳುತ್ತದೆ. ಆ ಹೊತ್ತಿಗೆ ನಿಜವಾದ ಕೆಜಿಎಫ್‌ಗೆ ಎಪ್ಪತ್ತು ವರ್ಷದ ಕೈಗಾರಿಕಾ ಚರಿತ್ರೆಯಿತ್ತು. ಚಿತ್ರದ ಕೂಲಿಗಳು ಹೊರಗಿನಿಂದ ಒಬ್ಬ ನಾಯಕ ಬರಲಿ ಎಂದು ಕಾಯುತ್ತಾರೆ. 1930ರಲ್ಲಿ ನಿಜವಾದ ಕೂಲಿಗಳು ಯಾರನ್ನೂ ಕಾಯಲಿಲ್ಲ. ಆರ್. ಕೆ. ನಾರಾಯಣರ ಮಾಲ್ಗುಡಿಯನ್ನು ಇದರ ಪಕ್ಕ ಇಟ್ಟು ನೋಡಬಹುದು. ಅದು ಎಲ್ಲೂ ಇಲ್ಲದ ಊರು. ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರಿಸಿದರು, ಜನ ಆಗುಂಬೆಗೆ ಹೋಗಿ ಮಾಲ್ಗುಡಿ ಕಂಡರು, ಅರಸಾಳು ರೈಲ್ವೆ ಸ್ಟೇಷನ್ನಿನಲ್ಲಿ ಮಾಲ್ಗುಡಿಯ ಹೆಸರಿನ ಮ್ಯೂಸಿಯಂ ಕೂಡ ಆಯಿತು. ಅದರಿಂದ ಯಾರಿಗೂ ನಷ್ಟವಿಲ್ಲ, ಏಕೆಂದರೆ ಮಾಲ್ಗುಡಿಯ ಹೆಸರಿನಲ್ಲಿ ಬದುಕಿದ್ದವರು ಯಾರೂ ಇಲ್ಲ. ಕೆಜಿಎಫ್ ಹಾಗಲ್ಲ. ಆ ಹೆಸರನ್ನು ವಿಳಾಸವಾಗಿ ಬರೆದುಕೊಳ್ಳುವ ಜನ ಇನ್ನೂ ಅಲ್ಲಿದ್ದಾರೆ. ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಹೂಳು 3 ಕೋಟಿ ಟನ್ನಿಗೂ ಹೆಚ್ಚು. ಅದೇ ಆ ಗುಡ್ಡಗಳು. ಮಳೆ ಕೊರೆದ ಕೊರಕಲುಗಳು, ಬೂದು ಬಿಳುಪಿನ ಇಳಿಜಾರು, ಸಂಜೆಯ ಬಿಸಿಲು, ಎಲ್ಲ ಫೋಟೋಗೆ ಚೆನ್ನಾಗಿಯೇ ಬರುತ್ತವೆ. ಬೇಸಿಗೆಯ ಗಾಳಿಗೆ ಅದೇ ಗುಡ್ಡ ಎದ್ದು ಬಂದು ಹಂಚಿನ ಸಂದಿಯಿಂದ ಇಳಿದು ಅನ್ನದ ತಟ್ಟೆಯ ಮೇಲೆ ಕೂರುತ್ತದೆ. ಫೋಟೋ ತೆಗೆಯುವವನ ಗುಡ್ಡ ಮತ್ತು ದಿನಕ್ಕೆ ಮೂರು ಸಲ ಗುಡಿಸುವವಳ ಗುಡ್ಡ ಒಂದೇ ಎಂದು ತಿಳಿಯಲು ಅವಳ ಕಡೆಯಿಂದ ಹೇಳಿದ ಕಥೆಯೊಂದು ಬೇಕು.

ಇನ್ನೊಂದು ಆಕ್ಷೇಪ ಓದುವ ಅಭ್ಯಾಸದ ಬಗ್ಗೆಯೇ ಇದೆ. ಪುಸ್ತಕ ಹಿಡಿದು ಹೋದವನಿಗೆ ಪುಸ್ತಕದಲ್ಲಿರುವುದೇ ಕಾಣುತ್ತದೆ, ಎದುರಿಗಿರುವುದು ಕಾಣುವುದಿಲ್ಲ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಕುಪ್ಪಳಿಗೆ ಹೋಗಿ ಅಡಿಕೆ ತೋಟದ ಇಂದಿನ ಕೂಲಿಯ ಪ್ರಶ್ನೆಯನ್ನು ಗಮನಿಸದೆ, ಕಾದಂಬರಿಯ ಪಾತ್ರಗಳನ್ನೇ ಹುಡುಕಿ ಬರುವ ಓದುಗರು ಇದ್ದೇ ಇದ್ದಾರೆ. ಆದರೆ ಇದಕ್ಕೆ ಪರಿಹಾರ ಪುಸ್ತಕ ಬಿಟ್ಟು ಹೋಗುವುದಲ್ಲ, ಅಲ್ಲೇ ಕೂತು ಓದುವುದು. ಮನೆಯಲ್ಲಿ ಓದಿದ ಕಾದಂಬರಿಯನ್ನು ತಿದ್ದುವವರಿಲ್ಲ. ಊರಿನಲ್ಲಿ ಓದಿದ್ದನ್ನು ಊರು ತಿದ್ದುತ್ತದೆ. ಪುಟದಲ್ಲಿ ಸೈರನ್ ಕೂಗುತ್ತಿರುತ್ತದೆ, ಕಿಟಕಿಯಾಚೆ ಶಾಫ್ಟಿನ ಕಬ್ಬಿಣದ ಗೋಪುರ ತುಕ್ಕು ಹಿಡಿದು ಸುಮ್ಮನೆ ನಿಂತಿರುತ್ತದೆ. ಪುಟದಲ್ಲಿ ಗಂಡಸರು ಗಣಿಗೆ ಇಳಿಯುತ್ತಾರೆ, ಪ್ಲಾಟ್‌ಫಾರ್ಮಿನಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ನಸುಕಿಗೇ ಬೆಂಗಳೂರಿನ ರೈಲು ಹತ್ತುತ್ತಾರೆ. 2001ರ ನಂತರ ಈ ಊರಿನ ದುಡಿಮೆಯ ದಿಕ್ಕು ನೆಲದಾಳದಿಂದ ರಾಜಧಾನಿಯ ಕಡೆಗೆ ತಿರುಗಿತು. ಈ ಬದಲಾವಣೆ ಪುಸ್ತಕದಲ್ಲಿಲ್ಲ ಎಂದು ಗೊತ್ತಾಗುವುದೂ ಪುಸ್ತಕ ಕೈಯಲ್ಲಿದ್ದಾಗಲೇ. ಎರಡನ್ನೂ ಒಟ್ಟಿಗೆ ಹಿಡಿದವನಿಗೆ ಸಿಗುವ ಅರಿವು ಬರೀ ಪ್ರವಾಸಿಗೂ ಬರೀ ಓದುಗನಿಗೂ ಸಿಗುವುದಲ್ಲ. (ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹಿಡಿಯುವ ಹೊತ್ತು ಒಂದು ಸಣ್ಣಕಥೆಗೆ ಹೇಳಿ ಮಾಡಿಸಿದಂತಿದೆ. ಆ ಅಳತೆಯ ಕಥೆಗಳ ಸಂಕಲನವೊಂದು ಬರಲಿ ಎಂಬ ಆಸೆ ನನಗಿದೆ.)

ಈಗ ಕಷ್ಟದ ಪ್ರಶ್ನೆ. ಕೆಜಿಎಫ್‌ನ ಸ್ಥಳೀಯ ಕಥೆ ಯಾವ ಭಾಷೆಯದು? ಕರ್ನಾಟಕದ ನೆಲ, ಹಾಗಾಗಿ ಕನ್ನಡದ್ದು ಎನ್ನುವುದು ಸುಲಭದ ಉತ್ತರ. ಆದರೆ ಗಣಿಗೆ ಇಳಿದವರಲ್ಲಿ ಬಹುಪಾಲು ಜನ ತಮಿಳು ಮಾತನಾಡಿದರು, ಅವರಲ್ಲಿ ಹೆಚ್ಚಿನವರು ದಲಿತರು. ಜೊತೆಗೆ ತೆಲುಗಿನವರು, ಆಂಗ್ಲೋ-ಇಂಡಿಯನ್ನರು, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರು. ಆ ಜನಕ್ಕೆ ಅಕ್ಷರವಿರಲಿಲ್ಲ, ಬರವಣಿಗೆ ಹುಟ್ಟಲಿಲ್ಲ ಎಂದುಕೊಳ್ಳುವುದೂ ತಪ್ಪು. ಅಯೋತ್ತಿದಾಸ ಪಂಡಿತರು 1907ರಲ್ಲಿ ಮದರಾಸಿನಲ್ಲಿ ಶುರುಮಾಡಿದ ‘ತಮಿಳನ್’ ಪತ್ರಿಕೆಯನ್ನು ಅವರ ಕಾಲದ ನಂತರ ಮತ್ತೆ ನಡೆಸಿದ್ದು ಇದೇ ಕೆಜಿಎಫ್‌ನ ಜಿ. ಅಪ್ಪಾದುರೈ. ಅಯೋತ್ತಿದಾಸರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಹಳಿ ಕೊನೆಯಾಗುವ ಆ ಊರಿನಲ್ಲಿ ಜಾತಿಯನ್ನು ಪ್ರಶ್ನಿಸುವ ವಿಚಾರ ಮೊಳೆತು ಅಚ್ಚಾಯಿತು, ಅದು ನಮ್ಮ ಜಿಲ್ಲೆಯಲ್ಲೇ ನಡೆಯಿತು, ಕನ್ನಡದ ವೈಚಾರಿಕ ಚರಿತ್ರೆ ಅದನ್ನು ತನ್ನದೆಂದು ಎಣಿಸಿಕೊಳ್ಳಲಿಲ್ಲ. ಇಲ್ಲಿನ ಕಥೆ ತಮಿಳಿನದೂ ಹೌದೆಂದು ಒಪ್ಪಿಕೊಂಡರೆ ನೆಲ ಬಿಟ್ಟುಕೊಟ್ಟಂತೆ ಆಗುವುದಿಲ್ಲವೇ ಎಂದು ಗಡಿನಾಡಿನ ಕನ್ನಡದ ಬಗ್ಗೆ ಕಾಳಜಿಯುಳ್ಳವರು ಕೇಳಬಹುದು. ಆ ಕಾಳಜಿ ನನಗೂ ಇದೆ. ಅದಕ್ಕೆ ಉತ್ತರ ಇದೇ ಕೋಲಾರ ಜಿಲ್ಲೆಯಲ್ಲಿದೆ. ಬಂಗಾರಪೇಟೆಗೆ ಅಂಟಿಕೊಂಡ ಮಾಲೂರು ತಾಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು. ಅವರನ್ನೇ ನಾವು ಕನ್ನಡದ ಆಸ್ತಿ ಎಂದೆವು. ತಮಿಳು ಮನೆಮಾತಿನ ಒಬ್ಬ ಹುಡುಗನಿಗೆ ಕನ್ನಡ ಸಾಹಿತ್ಯದ ಬಾಗಿಲು ತೆರೆದಿತ್ತು, ಅಲ್ಲಿಂದ ಸ್ವಲ್ಪವೇ ದೂರದ ಲೈನಿನ ಮನೆಯ ಹುಡುಗನಿಗೆ ತೆರೆದಿರಲಿಲ್ಲ. ಅಂದಮೇಲೆ ಅಡ್ಡ ನಿಂತದ್ದು ಭಾಷೆಯಲ್ಲ. ಶಾಲೆ, ಜಾತಿ ಮತ್ತು ಕೂಲಿ. ಇದನ್ನು ನೇರವಾಗಿ ಹೇಳದೆ ಭಾಷೆಯ ಮೇಲೆ ಹಾಕುವುದು ನಾವು ನಮಗೇ ಮಾಡಿಕೊಳ್ಳುವ ಮೋಸ.

ಬೇರೆ ಮಾತಿನ ಜನರ ಕಥೆಯನ್ನು ಕನ್ನಡ ಹೇಳಬಲ್ಲದು ಎನ್ನುವುದಕ್ಕೆ ನಮ್ಮಲ್ಲೇ ಗಟ್ಟಿ ಸಾಕ್ಷಿಯಿದೆ. ಕಯ್ಯೂರಿನ ರೈತ ಹೋರಾಟದ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಅವರು ಮಲೆಯಾಳಿಗಳು. ಅವರ ಕಥೆಯನ್ನು ಕಾದಂಬರಿಯಾಗಿಸಿದ್ದು ನೀಲೇಶ್ವರದಲ್ಲಿ ಓದಿದ್ದ ಕನ್ನಡದ ನಿರಂಜನ. 1955ರಲ್ಲಿ ಬಂದ ‘ಚಿರಸ್ಮರಣೆ’ ಮಲೆಯಾಳಕ್ಕೂ ಹೋಯಿತು, ಅಲ್ಲಿನವರು ಅದನ್ನು ತಮ್ಮ ಕಥೆಯೆಂದೇ ಓದಿದರು. ಇವತ್ತು ಕಾಸರಗೋಡಿನ ಕಡೆ ಹೋಗುವ ಕನ್ನಡಿಗ ಕಯ್ಯೂರನ್ನು ಹುಡುಕಿಕೊಂಡು ಹೋಗುತ್ತಾನೆಂದರೆ ಆ ಕಾದಂಬರಿಯಿಂದ. ಗಣಿಯ ಬೆರಕೆ ಕನ್ನಡದಲ್ಲಿ, ತಮಿಳು-ತೆಲುಗು-ಇಂಗ್ಲಿಷ್ ಕಲಸಿದ ಮಾತಿನಲ್ಲಿ, ಕಾದಂಬರಿ ಬರೆಯಲಾದೀತೇ ಎಂಬ ಅನುಮಾನಕ್ಕೂ ಉತ್ತರವಿದೆ. 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಆಡುಮಾತಿನ ಆ ಕನ್ನಡ ಎಷ್ಟೋ ಕನ್ನಡಿಗರಿಗೇ ಬಿಡಿಸಿ ಓದಬೇಕಾದ ಕನ್ನಡವಾಗಿತ್ತು. ಓದುಗರು ಅದರ ಬಳಿಗೆ ಹೋಗಲು ಕಲಿತರು. ಶಾಫ್ಟು, ಕೇಜು, ಲೈನು, ಡಂಪು ಎನ್ನುವ ಮಾತುಗಳ ಬಳಿಗೂ ಹೋಗಲು ಕಲಿಯುತ್ತಾರೆ.

ಹಾಗೆಂದು ಹೊರಗಿನ ಲೇಖಕನೊಬ್ಬ ವಾರಕಾಲ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ತಂಗಿ ಬಂದು ಗಣಿ ಕಾದಂಬರಿ ಬರೆಯಲಿ ಎಂದು ನಾನು ಹೇಳುತ್ತಿಲ್ಲ. ನೋವನ್ನು ಅನುಭವಿಸಿದವರನ್ನು ಬಿಟ್ಟು ನೋಡಿದವರು ಬರೆಯುವುದು ಸರಿಯೇ ಎಂಬ ಪ್ರಶ್ನೆಗೆ ದಲಿತ ಸಾಹಿತ್ಯ ನಮ್ಮನ್ನು ಗಟ್ಟಿಯಾಗಿ ನಿಲ್ಲಿಸಿದೆ, ಅಲ್ಲಿಂದ ತಪ್ಪಿಸಿಕೊಳ್ಳುವಂತಿಲ್ಲ. ನಿರಂಜನರೂ ಆ ನೆಲದಲ್ಲಿ ಬೆಳೆದು, ಆ ರಾಜಕೀಯದಲ್ಲಿ ಮೈ ಒಡ್ಡಿಕೊಂಡ ಮೇಲೆಯೇ ಬರೆದರು. ಮೊದಲು ಆಗಬೇಕಾದ ಕೆಲಸ ಅನುವಾದ. ಅಪ್ಪಾದುರೈಯವರ ಕಾಲದ ತಮಿಳು ಬರಹ, ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲಿಷಿನಲ್ಲಿ ಬರೆದಿಟ್ಟ ನೆನಪುಗಳು, ‘ಎರಿಯುಂ ಪನಿಕ್ಕಾಡು’ವಿನಂಥ ನೆಂಟಸ್ತಿಕೆಯ ಕಾದಂಬರಿಗಳು ಕನ್ನಡದಲ್ಲಿ ಒಂದೇ ಕಪಾಟಿನಲ್ಲಿ ಸಿಗುವಂತಾಗಬೇಕು. ಅದರ ಜೊತೆಗೇ ಆಗಬೇಕಾದದ್ದು ಕೇಳಿ ಬರೆದುಕೊಳ್ಳುವ ಕೆಲಸ, ಅದಕ್ಕೆ ಹೊತ್ತು ಬಹಳವಿಲ್ಲ. ಗಣಿ ಮುಚ್ಚಿದ ದಿನ 40 ವರ್ಷದವನಾಗಿದ್ದ ಕೆಲಸಗಾರನಿಗೆ ಈಗ ಅರವತ್ತು ದಾಟಿದೆ; ಕಲ್ಲಿನ ಧೂಳು ಹೊಕ್ಕ ಶ್ವಾಸಕೋಶ ಎಲ್ಲರಿಗೂ ಅಷ್ಟು ವಯಸ್ಸು ಕೊಟ್ಟಿಲ್ಲ. ವಾರೆನ್ 1802ರಲ್ಲಿ ಮಾರಿಕುಪ್ಪಂನಲ್ಲಿ ನೋಡಿದ್ದನ್ನು ಬರೆದಿಟ್ಟಿದ್ದಾನೆ: ಗಂಡಸರು ಗುಂಡಿಯೊಳಗಿನಿಂದ ಕಲ್ಲಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳಿಸುತ್ತಿದ್ದರು, ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡುತ್ತಿದ್ದರು. ಅವರಲ್ಲಿ ಒಬ್ಬರ ಮಾತೂ ನಮಗೆ ಉಳಿದಿಲ್ಲ. ಕೊನೆಯ ಶಿಫ್ಟಿನವರ ಮಾತು ಇನ್ನೂ ಲೈನಿನ ಜಗಲಿಗಳ ಮೇಲೆ ತಮಿಳಿನಲ್ಲಿ ಕೇಳಿಸುತ್ತಿದೆ. ಅದನ್ನು ಕೇಳುತ್ತಾ ಬೆಳೆದು, ಶಾಲೆಯಲ್ಲಿ ಕನ್ನಡ ಕಲಿತ ಮೊಮ್ಮಗಳೊಬ್ಬಳು ನಾಳೆ ನಸುಕಿನಲ್ಲಿ ಮಾರಿಕುಪ್ಪಂನಿಂದ ರೈಲು ಹತ್ತುತ್ತಾಳೆ. ಬೆಂಗಳೂರಿಗೆ ಎರಡು ಗಂಟೆಗೂ ಹೆಚ್ಚಿನ ದಾರಿ, ಸಂಜೆ ಅಷ್ಟೇ ಹೊತ್ತು ವಾಪಸ್.